ಕನೆಕ್ಟಿಂಗ್ ಪ್ರಯಾಣಿಕರಿಗಾಗಿ ವಿಮಾನ ಕಾಯಬೇಕೇ?

ಹಿಂದಿನ ವಿಮಾನ ತಡವಾಗಿ ಇಳಿದು ಎಂಟು ಜನ ಟರ್ಮಿನಲ್‌ನಲ್ಲಿ ಓಡಿ ಬರುತ್ತಿದ್ದಾರೆ. ಅವರು ಹತ್ತಬೇಕಾದ ವಿಮಾನದಲ್ಲಿ 180 ಜನ ಬೆಲ್ಟ್ ಹಾಕಿ ಕೂತಿದ್ದಾರೆ. ಇಲ್ಲಿ ತಲೆ ಎಣಿಸಿ ತೀರ್ಮಾನ ಮಾಡುವುದು ತಪ್ಪು. ಮೊದಲು ಕೇಳಬೇಕಾದ ಪ್ರಶ್ನೆ, ಆ ಊರಿಗೆ ಮುಂದಿನ ವಿಮಾನ ಯಾವಾಗ?

ಲೆಕ್ಕ ಹಾಕಿ ನೋಡಿ. ಹತ್ತು ನಿಮಿಷ ಕಾದರೆ 180 ಜನರದ್ದು ಸೇರಿ 30 ಗಂಟೆ ಹೋಗುತ್ತದೆ. ಮುಂದಿನ ವಿಮಾನ ಒಂದು ಗಂಟೆಯೊಳಗೆ ಇದ್ದರೆ ಎಂಟು ಜನರ ನಷ್ಟ ಬರೀ ಎಂಟು ಗಂಟೆ, ಹೊರಡುವುದೇ ಸರಿ. ಆದರೆ ಅದು ದಿನದ ಕೊನೆಯ ವಿಮಾನವಾಗಿದ್ದು, ಮುಂದಿನದು ನಾಳೆ ಇದೇ ಹೊತ್ತಿಗಾದರೆ? ಹಿಂದೆ ಉಳಿದವರು ಇಬ್ಬರೇ ಆದರೂ ನಷ್ಟ 48 ಗಂಟೆ. ಹಾಗಾಗಿ ಬೆಂಗಳೂರು–ಮುಂಬೈ ವಿಮಾನ ಕಾಯುವುದು ಬೇಡ. ದಿನಕ್ಕೆ ಬೆರಳೆಣಿಕೆಯಷ್ಟು ವಿಮಾನಗಳಿರುವ ಹುಬ್ಬಳ್ಳಿ, ಬೆಳಗಾವಿಯ ಕೊನೆಯ ವಿಮಾನ ಕಾಯಲೇಬೇಕು.

ಆದರೆ ಕಾಯುವ ಬೆಲೆ ಆ ಒಂದು ಹಾರಾಟಕ್ಕೆ ಮುಗಿಯುವುದಿಲ್ಲ. ಏರ್‌ಬಸ್ ಎ320ಯಂಥ ವಿಮಾನ ದಿನಕ್ಕೆ ಐದಾರು ಟ್ರಿಪ್ ಹೊಡೆಯುತ್ತದೆ, ನಡುವೆ ಸಿಗುವುದು ಅರ್ಧ ಗಂಟೆಯಷ್ಟೆ. ಬೆಳಗ್ಗೆ ಕಳೆದ ಹತ್ತು ನಿಮಿಷ ರಾತ್ರಿಯವರೆಗೂ ವಾಪಸ್ ಸಿಗದೆ, ಕೊನೆಗೆ ಪೈಲಟ್‌ಗಳ ಡ್ಯೂಟಿ ಮಿತಿಗೆ ಬಡಿಯಬಹುದು. ಯುರೋಪಿನಲ್ಲಿ ಇನ್ನೊಂದು ಕಷ್ಟವಿದೆ. ದಟ್ಟಣೆಯ ಹೊತ್ತಿನಲ್ಲಿ ವಿಮಾನಕ್ಕೆ ಟೇಕಾಫ್ ಸ್ಲಾಟ್ ಕೊಡುತ್ತಾರೆ. ಆ ಸಮಯಕ್ಕಿಂತ 5 ನಿಮಿಷ ಮೊದಲಿನಿಂದ 10 ನಿಮಿಷ ನಂತರದವರೆಗೆ ಮಾತ್ರ ಮೇಲೇರಬಹುದು. ತಪ್ಪಿದರೆ ಹೊಸ ಸ್ಲಾಟ್‌ಗೆ ಕಾಯಬೇಕು. ನಮ್ಮಲ್ಲಿ ಅನೇಕರು ಅಮೆರಿಕಕ್ಕೆ ಹೋಗುವಾಗ ವಿಮಾನ ಬದಲಿಸುವ ಫ್ರಾಂಕ್‌ಫರ್ಟ್‌ನಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ಹಾರಾಟಗಳಿಗೆ ನಿಷೇಧವಿದೆ. 10.50ಕ್ಕೆ ಹೊರಡಬೇಕಾದ ವಿಮಾನವನ್ನು ಅಲ್ಲಿ ಹಿಡಿದಿಟ್ಟರೆ, ವಿಶೇಷ ಅನುಮತಿ ಸಿಗದಿದ್ದರೆ ಎಲ್ಲರೂ ಅಲ್ಲೇ ಉಳಿಯಬೇಕು.

ಇನ್ನು ಲಗೇಜು. ವಿಮಾನದಿಂದ ವಿಮಾನಕ್ಕೆ ನೇರವಾಗಿ ಸಾಗಿಸಿದ ಬ್ಯಾಗು ಎಷ್ಟೋ ಸಲ ಮಾಲೀಕರಿಗಿಂತ ಮೊದಲೇ ಬಂದಿರುತ್ತದೆ. ಮಾಲೀಕರು ಹತ್ತದಿದ್ದರೆ ಭದ್ರತೆಯ ನಿಯಮದಂತೆ ಅದನ್ನು ಇಳಿಸಬೇಕು. ಬೋಯಿಂಗ್ 737ನಂಥ ವಿಮಾನದಲ್ಲಿ ಬ್ಯಾಗುಗಳನ್ನು ಕಂಟೇನರ್ ಇಲ್ಲದೆ ಬಿಡಿಯಾಗಿ ತುಂಬುವುದರಿಂದ, ಒಂದನ್ನು ಹುಡುಕಿ ತೆಗೆಯಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವುದುಂಟು. ಐದು ನಿಮಿಷ ಕಾದಿದ್ದರೆ ಬೇಗ ಹೊರಡಬಹುದಿತ್ತು! ಗೇಟ್ ಮುಚ್ಚುವ ಮೊದಲು ಇದನ್ನು ನೋಡದಿರುವುದು ನನಗೆ ಅತಿ ದೊಡ್ಡ ಅವಿವೇಕವಾಗಿ ಕಾಣುತ್ತದೆ.

ಇಷ್ಟೆಲ್ಲವನ್ನು ಗೇಟಿನ ಸಿಬ್ಬಂದಿ ನಿಂತ ನಿಲುವಿನಲ್ಲಿ ತೂಗಲಾರರು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2019ರಲ್ಲಿ ತಂದ ಕನೆಕ್ಷನ್‌ಸೇವರ್ ಈ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿತು. ಯಾರು ತಡವಾಗಿ ಬರುತ್ತಿದ್ದಾರೆ, ವಿಮಾನವನ್ನು ತಡೆದರೆ ಉಳಿದವರಿಗೆ ಎಷ್ಟು ತೊಂದರೆ ಎಂದು ಅದು ಲೆಕ್ಕ ಹಾಕುತ್ತದೆ. ಓಡಿ ಬರುವವರ ಮೊಬೈಲಿಗೆ ಗೇಟಿನ ದಾರಿ, ನಡೆಯಲು ಬೇಕಾದ ಸಮಯ ಕಳಿಸುತ್ತದೆ. ಹಾರಾಟ ಎಷ್ಟು ಹೊತ್ತಿನದು ಎಂಬುದೂ ಮುಖ್ಯ. ಹತ್ತು ಗಂಟೆಯ ಹಾರಾಟದಲ್ಲಿ ಹತ್ತು ನಿಮಿಷವನ್ನು ಅನುಕೂಲದ ಗಾಳಿಯಿಂದಲೋ ವೇಳಾಪಟ್ಟಿಯಲ್ಲಿರುವ ಬಿಡುವಿನಿಂದಲೋ ಸರಿದೂಗಿಸಬಹುದು. ಐವತ್ತು ನಿಮಿಷದ ಹಾರಾಟದಲ್ಲಿ ಆಗದು. ಇಂಥ ಸಾಫ್ಟ್‌ವೇರ್ ನಮ್ಮ ವಿಮಾನ ಕಂಪನಿಗಳಿಗೂ ಬೇಕು. ನಮ್ಮ ದೇಶದ ವಿಮಾನಯಾನ ಅಂಕಿಅಂಶಗಳಲ್ಲೂ 15 ನಿಮಿಷದೊಳಗಿನ ತಡ ತಡವಲ್ಲ. ಹಾಗಿರುವಾಗ ಕೊನೆಯ ವಿಮಾನವನ್ನು ಹತ್ತು ನಿಮಿಷ ತಡೆಯಲು ಹಿಂಜರಿಕೆ ಏಕೆ?

ಪ್ರಯಾಣಿಕರ ಕಡೆಯಿಂದ ಮುಖ್ಯವಾದದ್ದು, ಇಡೀ ಪ್ರಯಾಣಕ್ಕೆ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಇರುವುದು. ಎರಡು ಬೇರೆ ಟಿಕೆಟ್ ತೆಗೆದಿದ್ದರೆ ನೀವು ಬರುತ್ತಿರುವುದೇ ಎರಡನೆಯ ಕಂಪನಿಗೆ ಗೊತ್ತಿರುವುದಿಲ್ಲ. ಇಳಿಯುವ ಮುನ್ನವೇ ಗಗನಸಖಿಗೆ ಹೇಳಿ, ಸಾಧ್ಯವಾದರೆ ವಿಮಾನದ ಮುಂಭಾಗದ ಸೀಟಿಗೆ ಬನ್ನಿ. ವಿದೇಶದಿಂದ ಬೆಂಗಳೂರಿಗೆ ಬಂದು ಹುಬ್ಬಳ್ಳಿಗೆ ಹೋಗುವವರು ಸಾಮಾನ್ಯವಾಗಿ ಇಮಿಗ್ರೇಷನ್ ಮುಗಿಸಿ, ಬ್ಯಾಗು ಪಡೆದು, ಕಸ್ಟಮ್ಸ್ ದಾಟಿ ಅದನ್ನು ಮತ್ತೆ ಚೆಕ್-ಇನ್‌ಗೆ ಕೊಡಬೇಕು. ದೇಶೀಯ ವಿಮಾನ ಟರ್ಮಿನಲ್ 1ರಿಂದ ಇದ್ದರೆ ಟರ್ಮಿನಲ್ 2ರಿಂದ ಅಲ್ಲಿಗೆ ಹೋಗುವ ಸಮಯವೂ ಸೇರುತ್ತದೆ. ಇದಕ್ಕೆ ಮೂರು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.