ಮೇಬೆರಿ ಅನ್ನುವ ಊರು

ಅಮೆರಿಕದ ಹಳೇ ಹಾಸ್ಯ ಧಾರಾವಾಹಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ದಿ ಆಂಡಿ ಗ್ರಿಫಿತ್ ಶೋ’. 1960ರಿಂದ 1968ರವರೆಗೆ ಸಿಬಿಎಸ್ ಅನ್ನುವ ಟಿವಿ ವಾಹಿನಿಯಲ್ಲಿ ಬಂತು, ಒಟ್ಟು 249 ಕಂತು. ಮೇಬೆರಿ ಅನ್ನುವ ಕಾಲ್ಪನಿಕ ಪುಟ್ಟ ಊರು, ಹೆಂಡತಿ ತೀರಿಕೊಂಡಿರುವ ಶೆರಿಫ್ (ಅಲ್ಲಿನ ಪೊಲೀಸ್ ಮುಖ್ಯಸ್ಥ) ಆಂಡಿ, ಮಗ ಓಪಿ, ಮನೆ ನೋಡಿಕೊಳ್ಳುವ ಬೀ ಅತ್ತೆ. ಆಂಡಿಯ ಸಹಾಯಕ, ಡೆಪ್ಯುಟಿ ಬಾರ್ನಿಗೆ ಕೊಟ್ಟಿರುವುದು ಒಂದೇ ಒಂದು ಗುಂಡು, ಅದನ್ನೂ ಅಂಗಿ ಜೇಬಲ್ಲೇ ಇಟ್ಟುಕೊಳ್ಳಬೇಕು!

ನಗು ಇರಲಿ, 1963ರ ಒಂದು ಕಂತು ನೋಡಿ. ಓಪಿ ಕವಣೆಯಿಂದ ಹೊಡೆದು ಒಂದು ತಾಯಿ ಹಕ್ಕಿ ಸಾಯುತ್ತದೆ. ಅಪ್ಪ ಹೊಡೆಯುವುದಿಲ್ಲ, ಸುಮ್ನೆ ಕಿಟಕಿ ತೆರೆದು, ಅಮ್ಮನಿಗಾಗಿ ಕೂಗುತ್ತಿರುವ ಮರಿಗಳ ದನಿ ಕೇಳಿಸಿಕೋ ಅನ್ನುತ್ತಾನೆ, ಅಷ್ಟೇ. ಆಮೇಲೆ ಆ ಮೂರು ಮರಿಗಳನ್ನು ಹುಡುಗನೇ ಸಾಕುತ್ತಾನೆ, ದೊಡ್ಡವಾದ ಮೇಲೆ ಪಂಜರದಿಂದ ಒಂದೊಂದಾಗಿ ಹಾರಿಬಿಡುತ್ತಾನೆ. ಎಷ್ಟು ಸಲ ನೋಡಿದರೂ ಗಂಟಲು ಕಟ್ಟುತ್ತದೆ. ಓಪಿ ಆಗಿದ್ದ ರಾನ್ ಹೊವಾರ್ಡ್ ಮುಂದೆ ದೊಡ್ಡ ನಿರ್ದೇಶಕನಾದ, ಗೊತ್ತಲ್ವಾ?

ಹೊಸದಾಗಿ ನೋಡುವವರು ಮೊದಲ ಐದು ಸೀಸನ್‌ಗಳಿಂದಲೇ ಶುರುಮಾಡಿ. ಅವು ಕಪ್ಪು-ಬಿಳುಪು, ಬಾರ್ನಿ ಪಾತ್ರದ ಡಾನ್ ನಾಟ್ಸ್ ಪೂರ್ತಿಯಾಗಿ ಇರುವುದು ಅವುಗಳಲ್ಲೇ. ಆಮೇಲೆ ಬಣ್ಣ ಬಂತು, ಆದರೆ ನನಗೆ ಆ ಮಜಾ ಸಿಗಲಿಲ್ಲ.