ಮಿನಿಯಾಪೊಲಿಸ್‌ನಲ್ಲಿ ತೆನೆ ಹಬ್ಬ

"ಮಮ್ಮಿ, ಮೊಂತಿ ಫೆಸ್ತ್ ಮಾಡೋಕೂ ಎಲ್ಲರ ಒಪ್ಪಿಗೆ ಬೇಕಾ?"

ಮೊಂತಿ ಫೆಸ್ತ್ ಅಂದರೆ ನಮ್ಮ ಮಂಗಳೂರು ಕಡೆಯ ಕ್ಯಾಥೊಲಿಕರ ತೆನೆ ಹಬ್ಬ, ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬ. ಮಗಳು ಹಾಗೆ ಕೇಳಿದ್ದು ಸಹಜವೇ. ನಮ್ಮ ಮನೆಯಲ್ಲಿ ಹೊಸ ಕುಕ್ಕರ್ ತರಬೇಕಾದರೂ ಭಾನುವಾರ ಸಂಜೆ ಎಲ್ಲರೂ ಸುತ್ತ ಕೂತು ಮಾತಾಡಬೇಕು. ಒಬ್ಬರು ಬೇಡ ಅಂದರೂ ಮತ್ತೆ ಮುಂದಿನ ವಾರ ಮಾತು.

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಹಳೇ ಮರದ ಮನೆ. ಎರಡು ಸಂಸಾರ, ಜೊತೆಗೆ ಐದಾರು ಒಂಟಿ ಜನ. ದಿನಸಿಯ ದುಡ್ಡು ಒಂದೇ ಡಬ್ಬಿಗೆ. ಅಡುಗೆ, ಪಾತ್ರೆ, ಹಿಮ ಬಾಚುವುದು ಎಲ್ಲ ಸರದಿ. ಕೆಳಗಿನ ಒಂದು ಕೋಣೆ ಇರುವುದು ಅತಿಥಿಗೆ. ಇರಲು ಜಾಗ ಇಲ್ಲದವರು ಬಂದು ಕೆಲವು ವಾರ ಇದ್ದು ಹೋಗುತ್ತಾರೆ. 1933ರಲ್ಲಿ ನ್ಯೂಯಾರ್ಕಿನಲ್ಲಿ ಡೊರೊತಿ ಡೇ ಮತ್ತು ಪೀಟರ್ ಮೋರಿನ್ ಶುರು ಮಾಡಿದ ಕ್ಯಾಥೊಲಿಕ್ ವರ್ಕರ್ ಚಳವಳಿಯ ದಾರಿ ಇದು. ಅವರು ಅವತ್ತು ಒಂದು ಸೆಂಟಿಗೆ ಮಾರಿದ ಪತ್ರಿಕೆಗೆ ಇವತ್ತಿಗೂ ಒಂದೇ ಸೆಂಟು. ಮನೆಯಲ್ಲಿ ಎಲ್ಲರೂ ಇಗರ್ಜಿಗೆ ಹೋಗುವವರಲ್ಲ. ಒಬ್ಬಳಿಗೆ ದೇವರ ಮೇಲೆ ನಂಬಿಕೆಯೇ ಇಲ್ಲ. ಆದರೆ ಯುದ್ಧ ಬೇಡ ಅಂತ ಬೋರ್ಡ್ ಹಿಡಿದು ಚಳಿಯಲ್ಲಿ ನಿಲ್ಲುವಾಗ ಅವಳೇ ಮೊದಲು.

ಸೆಪ್ಟೆಂಬರ್ 8ರ ಅಡುಗೆ ಸರದಿ ನನಗೆ ಬೇಕು ಅಂದೆ. ಒಪ್ಪಿಗೆ ತಕ್ಷಣ ಸಿಕ್ಕಿತು. ಮೀನು, ಮಾಂಸ ಇಲ್ಲದ ಹಬ್ಬ ಅಂದಾಗ ಇಲ್ಲಿನ ಸಸ್ಯಾಹಾರಿಗಳಿಗೆ ಖುಷಿಯೋ ಖುಷಿ.

ಮಾರ್ಕೆಟ್ಟಿನಲ್ಲಿ ಲಾವೋಸ್ ಕಡೆಯಿಂದ ಬಂದ ಹ್ಮಾಂಗ್ ರೈತರ ಹತ್ತಿರ ಅಲಸಂಡೆ, ಹಾಗಲಕಾಯಿ, ಹರಿವೆ ಸೊಪ್ಪು ಎಲ್ಲ ಸಿಕ್ಕಿತು. ಬಾಳೆಲೆ ಫ್ರೀಜರಿನದ್ದು. ಬೆಳಗ್ಗೆಯಿಂದ ಒಬ್ಬ ತೆಂಗಿನಕಾಯಿ ತುರಿದ, ಇನ್ನೊಬ್ಬಳು ಪಾಯಸ ಕದಡಿದಳು. ಏಳು ಬಗೆ ಆಯಿತು. ಹಬ್ಬದ ಅಡುಗೆ ಬೆಸ ಸಂಖ್ಯೆಯಲ್ಲೇ ಇರಬೇಕು, ಅದಕ್ಕೆ ಭಂಗ ಬರಲಿಲ್ಲ. ಅಂಬಡೆ, ಅಂದರೆ ಅಮಟೆಕಾಯಿ, ಮಾತ್ರ ಇಲ್ಲ. ಅದಿಲ್ಲದೆಯೂ ನಡೆಯುತ್ತದೆ, ಬಿಡಿ. ಮಗಳು ಹಿತ್ತಲಿನ ಗೊಂಡೆ, ಜೀನಿಯಾ ಎಲ್ಲ ಕಿತ್ತು ತಟ್ಟೆ ತುಂಬಿಸಿದಳು. ಪುಟ್ಟ ಮರಿಯಮ್ಮನಿಗೆ ಹೂ ಹಾಕಲು ದೇವರನ್ನು ನಂಬದವಳೂ ಸಾಲಿನಲ್ಲಿ ನಿಂತಳು.

ಆದರೆ ತೆನೆ? ತೆನೆಯೇ ಇಲ್ಲದೆ ಎಂಥ ತೆನೆ ಹಬ್ಬ?

ಅಮ್ಮ ಮೊದಲು ಪ್ರತಿ ವರ್ಷ ಒಂದು ಲಕೋಟೆ ಕಳಿಸುತ್ತಿದ್ದರು. ಪಾದ್ರಿ ಮಂತ್ರಿಸಿಕೊಟ್ಟ ತೆನೆ, ಪೇಪರಿನಲ್ಲಿ ಮಡಚಿದ್ದು. ನಾನು ಮುಂಬಯಿಯಲ್ಲಿದ್ದಾಗ ಬಂತು, ದುಬೈಗೂ ಬಂತು. ಅಮೆರಿಕಕ್ಕೆ ಭತ್ತ ಹಾಗೆಲ್ಲ ಕಳಿಸುವ ಹಾಗಿಲ್ಲ, ಕಸ್ಟಮ್ಸ್‌ನವರು ಬಿಡುವುದಿಲ್ಲ ಅಂತ ಫೋನಿನಲ್ಲಿ ನಾನೇ ಹೇಳಿದೆ. "ನಾಲ್ಕು ಕಾಳು ಅಲ್ವಾ?" ಅಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಮಧ್ಯಾಹ್ನ ಪಕ್ಕದ ಬೀದಿಯ ಅಜ್ಜಿ ಬಂದರು. ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಅವರು, ನಮ್ಮಲ್ಲಿ ಆಗಾಗ ಊಟಕ್ಕೆ ಕೂರುತ್ತಾರೆ. ನಾನು ತೆನೆಗೆ ಒದ್ದಾಡುವುದನ್ನು ಮಗಳು ಅವರಿಗೆ ಹೇಳಿಬಿಟ್ಟಿದ್ದಳಂತೆ. ಅವರ ಮೊಮ್ಮಗ ಉತ್ತರದ ಕೆರೆಗಳಿಗೆ ಮನೋಮಿನ್, ಅಂದರೆ ನೀರಿನಲ್ಲಿ ಬೆಳೆಯುವ ಕಾಡು ಅಕ್ಕಿಯ ಕೊಯ್ಲಿಗೆ ಹೋಗಿದ್ದ. ದೋಣಿಯಲ್ಲಿ ಒಬ್ಬರು ಜಲ್ಲೆ ಹಾಕುತ್ತಾರೆ, ಇನ್ನೊಬ್ಬರು ಒಂದು ಕೋಲಿನಿಂದ ದಂಟು ಬಗ್ಗಿಸಿ ಇನ್ನೊಂದರಿಂದ ಮೆಲ್ಲಗೆ ಬಡಿಯುತ್ತಾರೆ. ನೀರಿಗೆ ಬಿದ್ದ ಕಾಳು ಮುಂದಿನ ವರ್ಷದ ಬೆಳೆ. ಅಜ್ಜಿ ಬಟ್ಟೆ ಬಿಚ್ಚಿದರು. ಇನ್ನೂ ಹುರಿಯದ, ಉದ್ದ ಮುಳ್ಳಿನ, ಹಸಿರು ಹೊಟ್ಟಿನ ಒಂದು ಹಿಡಿ ಕಾಳು. ಹೊಸ ಕಾಳು ಬಂದಾಗ ಹಂಚಿ ತಿನ್ನುವುದು ಅವರಲ್ಲೂ ಇದೆ. ಒಂದಷ್ಟು ಸುಲಿದು ಅರೆದು ಪಾಯಸಕ್ಕೆ ಹಾಕಿದೆ. ಮನೆಯ ಹಿರಿಯರು ಹಂಚಬೇಕು ಅಲ್ವಾ, ಅಜ್ಜಿಯ ಕೈಯಿಂದಲೇ ಹಂಚಿಸಿದೆ.

ಮೇಜಿಗೆ ಹದಿನಾಲ್ಕು ಜನ. ನಗು, ಗಲಾಟೆ. ಬಂಟ್ವಾಳದ ಮನೆಯಲ್ಲಿ ಆ ದಿನದ ಊಟ ಆಗಲೇ ಮುಗಿದಿತ್ತು. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ. ಆದರೂ ಹಬ್ಬಕ್ಕೆ ಮಕ್ಕಳೆಲ್ಲರ ಲೆಕ್ಕಕ್ಕೆ ಎಲೆ ಹಾಕುತ್ತಾರೆ. ಬಡಿಸುತ್ತಾರೆ. ಆಮೇಲೆ ಅದನ್ನೆಲ್ಲ ಪಕ್ಕದ ಮನೆಗೆ ಕೊಡುತ್ತಾರೆ. ಇಲ್ಲಿ ನಾನು ಬಾಗಿಲು ತಟ್ಟಿದ ಯಾರಿಗಾದರೂ ಬಡಿಸುತ್ತೇನೆ. ಅದು ಸರಿಯಾದ ಕೆಲಸ ಅಂತ ಮನಸಾರೆ ನಂಬಿದ್ದೇನೆ. ನನ್ನ ಅಮ್ಮನ ಎದುರಿನ ಎಲೆಯ ಮುಂದೆ ಮಾತ್ರ ಯಾರೂ ಕೂರುವುದಿಲ್ಲ.

"ನಿನ್ನ ಅಮ್ಮನನ್ನೇ ಕರೆಸಬಾರದಾ? ಕೋಣೆ ಇದೆಯಲ್ಲ," ಅಂದಳು ಆ ನಾಸ್ತಿಕ ಹುಡುಗಿ.

ರಾತ್ರಿ ಎಂಟಕ್ಕೆ ಫೋನ್ ಮಾಡಿದೆ. ಅಲ್ಲಿ ಮರುದಿನ ಬೆಳಗ್ಗೆ ಆರೂವರೆ.

"ನಿಮ್ಮ ಪಾಲಿನ ತೆನೆ ಆಲ್ತಾರಿನಲ್ಲಿ ಇಟ್ಟಿದ್ದೇನೆ," ಅಂದರು.

"ಅಮ್ಮಾ, ನೀವೇ ಇಲ್ಲಿಗೆ ಬನ್ನಿ."

"ನಾನು ಬಂದರೆ ನೀವು ಬಂದಾಗ ಬಾಗಿಲು ತೆಗೆಯುವವರು ಯಾರು ಮಗಾ?"

ನನಗೆ ಏನು ಹೇಳಬೇಕು ತಿಳಿಯಲಿಲ್ಲ. ಮಗಳು ಫೋನ್ ಕಿತ್ತುಕೊಂಡು, ಹಾಗಲಕಾಯಿ ಯಾರೂ ಮುಟ್ಟಲಿಲ್ಲ ಅಜ್ಜಿ, ಅಂತ ಚಾಡಿ ಹೇಳತೊಡಗಿದಳು.