ಎಂಬತ್ನಾಲ್ಕು ಭಾಗಾಕಾರಗಳ ಭಾನುವಾರ

2147483647. ಪ್ರೋಗ್ರಾಂ ಬರೆಯುವವರಿಗೆ ಇದು ಹೊಸ ಸಂಖ್ಯೆಯಲ್ಲ. 32 ಬಿಟ್‌ಗಳ ಪೂರ್ಣಾಂಕ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಇನ್ನೊಂದು ಕೂಡಿಸಿದ್ದಕ್ಕೆ ನನ್ನ ಲೆಕ್ಕ ಒಮ್ಮೆ ಸೀದಾ -2147483648 ಆಗಿ ಕೂತಿತ್ತು. ನಮ್ಮ ಪರಿಚಯ ಆದದ್ದೇ ಹಾಗೆ.

ಅದು ಅವಿಭಾಜ್ಯ ಸಂಖ್ಯೆ ಅಂತ ಗೊತ್ತಾದದ್ದು ಆಮೇಲೆ. 31 ಎರಡುಗಳನ್ನು ಗುಣಿಸಿ 1 ಕಳೆದರೆ ಸಿಗುವ ಮೆರ್ಸೆನ್ ಅವಿಭಾಜ್ಯ ಅದು. 1772ರಲ್ಲಿ ಗಣಿತಜ್ಞ ಆಯ್ಲರ್ ಅದನ್ನು ತೋರಿಸಿಕೊಟ್ಟಾಗ ಅವರಿಗೆ ಹೆಚ್ಚುಕಡಿಮೆ ಕಣ್ಣೇ ಕಾಣುತ್ತಿರಲಿಲ್ಲ. ಕಂಪ್ಯೂಟರ್ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಹೇಳುತ್ತದೆ, ನಿಜ. ಆದರೆ ನನಗೆ ಆ ದಾರಿಯಲ್ಲಿ ನಡೆದು ನೋಡಬೇಕಿತ್ತು. ಒಂದು ಭಾನುವಾರ ಪೆನ್ಸಿಲ್ ಹಿಡಿದು ಕೂತೆ.

ಈ ಸಂಖ್ಯೆಯ ವರ್ಗಮೂಲ 46340ಕ್ಕಿಂತ ಚೂರು ಜಾಸ್ತಿ. ಸಂಖ್ಯೆ ಒಡೆಯುವುದಾದರೆ ಅದನ್ನು ಭಾಗಿಸುವ ಒಂದು ಅವಿಭಾಜ್ಯ ವರ್ಗಮೂಲದೊಳಗೇ ಸಿಗಬೇಕು. ಅಲ್ಲಿಯವರೆಗೆ 4,700ಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಎಲ್ಲದರಿಂದಲೂ ಭಾಗಿಸುವುದು ಒಂದು ದಿನದ ಮಾತಲ್ಲ. ಆದರೆ ಯಾವುದೋ ಒಂದು ಅವಿಭಾಜ್ಯ ಇದನ್ನು ಶೇಷ ಉಳಿಯದ ಹಾಗೆ ಭಾಗಿಸುತ್ತದೆ ಅಂತಿಟ್ಟುಕೊಳ್ಳಿ. 2, 4, 8, 16 ಅಂತ ದುಪ್ಪಟ್ಟು ಮಾಡುತ್ತಾ ಹೋಗಿ, ಪ್ರತಿ ಸಲ ಆ ಅವಿಭಾಜ್ಯದಿಂದ ಭಾಗಿಸಿ ಶೇಷ ಬರೆಯಿರಿ. 31ನೇ ಹೆಜ್ಜೆಗೆ ಶೇಷ 1 ಬರಲೇಬೇಕು. 31 ತಾನೇ ಅವಿಭಾಜ್ಯ, ಹಾಗಾಗಿ ಅದಕ್ಕೂ ಮೊದಲು 1 ಬರುವ ಹಾಗಿಲ್ಲ. ಗಣಿತಜ್ಞ ಫರ್ಮಾನ ನಿಯಮದ ಪ್ರಕಾರ, ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಹೆಜ್ಜೆಗಳಾದಾಗಲೂ 1 ಬರಬೇಕು. ಅಂದರೆ ಅದರಿಂದ ಒಂದು ಕಳೆದರೆ 31ರ ಮಗ್ಗಿಯಲ್ಲಿ ಸಿಗಬೇಕು! ಇದು ಹೊಳೆದಾಗ ನಾನು ಎದ್ದು ಎರಡು ಸುತ್ತು ಓಡಾಡಿಬಿಟ್ಟೆ. 8ಕ್ಕೆ ಸಂಬಂಧಿಸಿದ ಇನ್ನೊಂದು ಷರತ್ತೂ ಇದೆ. ಎರಡೂ ಸೇರಿದರೆ, 31 ಗುಣಿಸು 8, ಅಂದರೆ 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯುವ ಅವಿಭಾಜ್ಯಗಳನ್ನು ನೋಡಿದರೆ ಸಾಕು. ಅಂಥವು ಬರೀ 84.

ಮೊದಲನೆಯದು 311. ಭಾಗಲಬ್ಧ 6905092, ಶೇಷ 35. ತಾಳೆ ನೋಡಲು ಅಂಕಿಗಳನ್ನು ಕೂಡುವ ಹಳೆಯ ಉಪಾಯ ಇದೆ ಅಲ್ವಾ, ಅದನ್ನೇ ಹಿಡಿದೆ. 2147483647ರ ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ 1. ಇತ್ತ 311ಕ್ಕೆ 5, ಭಾಗಲಬ್ಧಕ್ಕೆ 4, ಗುಣಿಸಿದರೆ 20, ಅಂದರೆ 2. ಶೇಷದ 8 ಸೇರಿಸಿದರೆ 10, ಮತ್ತೆ 1. ಸರಿ ಹೋಯಿತು. ಆಮೇಲೆ 1303, ಶೇಷ 226. 1489, ಶೇಷ 199.

ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ತಾಳೆ ಕೂಡಲಿಲ್ಲ. ಒಂದೇ ಅಂಕಿಯನ್ನು ಎರಡು ಸಲ ಇಳಿಸಿಕೊಂಡಿದ್ದೆ. ಅಳಿಸಿ ಮತ್ತೆ ಮಾಡಿದೆ. ಪಟ್ಟಿಯ ತುದಿಯಲ್ಲಿದ್ದ 46129 ತುಂಬಾ ಹೊತ್ತು ತಿಂದಿತು. ಎಷ್ಟು ಜಗ್ಗಿದರೂ ಒಡೆಯದೆ, ಕೊನೆಗೆ 163 ಗುಣಿಸು 283 ಅಂತ ಬಿಟ್ಟುಕೊಟ್ಟಿತು. ಅದನ್ನು ಹೊಡೆದುಹಾಕಿದೆ.

ಬೇರೆ ಲೆಕ್ಕಗಳಲ್ಲಿ ಶೇಷ ಸೊನ್ನೆ ಬಂದರೆ ಖುಷಿ. ಇಲ್ಲಿ ಪ್ರತಿ ಸಲ ಕೊನೆಯ ಅಂಕಿ ಇಳಿಸುವಾಗಲೂ ಸೊನ್ನೆ ಬಾರದಿರಲಿ ಅಂತ ಉಸಿರು ಹಿಡಿಯುತ್ತಿದ್ದೆ. ಬರುವುದಿಲ್ಲ ಅಂತ ಗೊತ್ತಿದ್ದೂ!

ಕತ್ತಲಾದ ಮೇಲೆ ಕೊನೆಯದು, 45943. ಭಾಗಲಬ್ಧ 46742, ಶೇಷ 15941. ಅಂಕಿಗಳನ್ನು ಕೂಡಿದೆ. 1 ಬಂತು.